ತಂಬಿಗೆ ಮತ್ತು ಬೊದ್ನಾ: ರಾಜಶಾಹಿಯಲ್ಲಿ ಆರು ದಿನ

ಮೊದಲ ದಿನ: ಗಡಿ

ಕೋಲ್ಕತ್ತದ ಸಿಯಾಲ್ದಾದಿಂದ ಹೊರಟ ಲೋಕಲ್ ರೈಲು ಬನಗಾಂವ್ ಸಮೀಪಿಸಿದರೂ ಮಂಜು ಕರಗಿರಲಿಲ್ಲ. ಹಳಿಯ ಪಕ್ಕದ ಪೊದೆಗಳ ಮರೆಯಲ್ಲಿ ಕುಳಿತಿದ್ದ ಇಬ್ಬರು ರೈಲಿನ ಸದ್ದಿಗೆ ತಟ್ಟನೆ ಎದ್ದು ನಿಂತು ನಮಗೆ ಬೆನ್ನು ತಿರುಗಿಸಿದರು. ಹಾಗೆ ಎದ್ದು ನಿಲ್ಲುವುದು ಏನೆಂದು ನನಗೆ ಗೊತ್ತು. ರಾಯಚೂರು ಜಿಲ್ಲೆಯ ನಮ್ಮ ಊರಿನ ರಸ್ತೆಯಲ್ಲಿ, ನಸುಕಿನಲ್ಲಿ ಬಸ್ಸಿನ ದೀಪ ಬಿದ್ದಾಗ ತಂಬಿಗೆ ಪಕ್ಕಕ್ಕಿಟ್ಟು, ಸೆರಗು ಮುಖಕ್ಕೆ ಎಳೆದುಕೊಂಡು ಸಾಲಾಗಿ ಎದ್ದು ನಿಲ್ಲುತ್ತಿದ್ದ ಹೆಂಗಸರಲ್ಲಿ ನನ್ನ ಅವ್ವ ಇದ್ದಳು. ಅವಳ ಪಕ್ಕದಲ್ಲಿ ನಾನೂ ಇದ್ದೆ.

ಇದು 2020ರ ಜನವರಿ. ಪೆಟ್ರಾಪೋಲ್‌ನಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು, ಬಾಂಗ್ಲಾದೇಶದ ಬೆನಾಪೋಲ್ ಕಡೆ ಕಾಲಿಟ್ಟಾಗ ಮಧ್ಯಾಹ್ನವಾಗಿತ್ತು. ಅಲ್ಲಿಂದ ಜಶೋರ್‌ಗೆ ಬಸ್ಸು. ಇಕ್ಕೆಲದಲ್ಲೂ ನೂರು ವರ್ಷ ದಾಟಿದ ಮಳೆಮರಗಳು, ರಸ್ತೆಯ ಮೇಲೆ ಅವುಗಳ ನೆರಳು. ಪಕ್ಕದಲ್ಲಿದ್ದ ಹೆಂಗಸು ಯಾವ ಊರಿಗೆ, ಯಾಕೆ ಎಂದು ಹಿಂದಿಯಲ್ಲಿ ಕೇಳಿದಳು. ನಿಮ್ಮ ದೇಶದ ಪಾಯಖಾನೆಗಳನ್ನು ನೋಡಲು ಬಂದಿದ್ದೇನೆ ಎಂದೆ. ಅವಳು ನಗಲಿಲ್ಲ. "ರಾಜಶಾಹಿಯ ಕಡೆ ಹೋಗಿ. ನನ್ನ ತವರು ಅಲ್ಲೇ. ಈಗ ಮದುವೆಗೆ ಹೆಣ್ಣು ಕೇಳಲು ಬಂದವರು ಮೊದಲು ಅದನ್ನೇ ನೋಡುತ್ತಾರೆ" ಎಂದಳು.

ಎರಡನೆಯ ದಿನ: ಹಾರ್ಡಿಂಜ್ ಸೇತುವೆ

ಜಶೋರ್‌ನಿಂದ ರಾಜಶಾಹಿಗೆ ರೈಲು. ಕಿಟಕಿಯಾಚೆ ಸಾಸಿವೆಯ ಹಳದಿ, ಕೆಸರುಗದ್ದೆಯಲ್ಲಿ ಬೋರೋ ಭತ್ತದ ನಾಟಿ, ಕತ್ತಿನಲ್ಲಿ ಮಡಕೆ ತೂಗುಹಾಕಿಕೊಂಡ ಖರ್ಜೂರದ ಮರಗಳು. ಪ್ರಯಾಣ ದೀರ್ಘವಾದದ್ದರಿಂದ ಈ ಹುಡುಕಾಟದ ಕಾರಣವನ್ನು ಇಲ್ಲೇ ಬರೆದುಬಿಡುತ್ತೇನೆ.

1990ರಲ್ಲಿ ಬಾಂಗ್ಲಾದೇಶದಲ್ಲಿ ಪ್ರತಿ ನೂರು ಜನರಲ್ಲಿ ಸುಮಾರು 34 ಮಂದಿ ಬಯಲಿಗೆ ಹೋಗುತ್ತಿದ್ದರು. 2015ರ ಹೊತ್ತಿಗೆ ಅದು ನೂರಕ್ಕೆ ಒಬ್ಬರ ಆಸುಪಾಸಿಗೆ ಇಳಿದಿತ್ತು. ಆ ವರ್ಷಗಳಲ್ಲಿ ನಮಗಿಂತ ಬಡ ದೇಶ, ನಮಗಿಂತ ಕಿಕ್ಕಿರಿದ ದೇಶ. ಈ ಬದಲಾವಣೆಯ ಒಂದು ಮುಖ್ಯ ಕವಲು ರಾಜಶಾಹಿ ಜಿಲ್ಲೆಯ ಮೊಸ್ಮೊಯಿಲ್ ಎಂಬ ಹಳ್ಳಿಯಲ್ಲಿ ಒಡೆಯಿತು. 1999ರ ಕೊನೆಯಲ್ಲಿ ನೀರು-ನೈರ್ಮಲ್ಯದ ಅಂತರರಾಷ್ಟ್ರೀಯ ಸಂಸ್ಥೆ ವಾಟರ್‌ಏಡ್ ಮತ್ತು ಅದರ ಸ್ಥಳೀಯ ಜೊತೆಗಾರ ಸಂಸ್ಥೆ ವರ್ಕ್ (VERC), ತಾವು ಸಹಾಯಧನ ಕೊಟ್ಟು ಕಟ್ಟಿಸುತ್ತಿದ್ದ ಶೌಚಾಲಯಗಳ ಮೌಲ್ಯಮಾಪನಕ್ಕೆ ಕೋಲ್ಕತ್ತದ ಸಲಹೆಗಾರ ಕಮಲ್ ಕರ್ ಅವರನ್ನು ಕರೆಸಿದವು. ಅವರು ಕಂಡದ್ದು ನಮಗೂ ಹೊಸದಲ್ಲ: ಕಟ್ಟಿಸಿಕೊಟ್ಟಿದ್ದವು ಇದ್ದವು, ಜನ ಗದ್ದೆಗೇ ಹೋಗುತ್ತಿದ್ದರು. ಎಷ್ಟು ಕಟ್ಟಿದೆವು ಎಂದು ಎಣಿಸುವುದನ್ನು ಬಿಡಿ, ಬಯಲು ಸಂಪೂರ್ಣ ನಿಂತ ಊರು ಎಷ್ಟು ಎಂದು ಎಣಿಸಿ. ಸಹಾಯಧನ ನಿಲ್ಲಿಸಿ, ಊರಿನವರೇ ತಮ್ಮ ಸ್ಥಿತಿಯನ್ನು ತಾವೇ ನೋಡಿಕೊಂಡು ತೀರ್ಮಾನಿಸಲಿ ಎಂದು ಅವರು ಹೇಳಿದರು. ಆ ಪದ್ಧತಿ ಅಲ್ಲಿಂದ ಇಂಡೋನೇಷ್ಯಾ, ಇಥಿಯೋಪಿಯಾ, ಜಾಂಬಿಯಾಗಳವರೆಗೆ ಹೋಯಿತು. ನಮ್ಮ ರಾಜ್ಯಕ್ಕೂ ಬಂತು. ಬರುವಾಗ ಅದರ ರೂಪ ಬದಲಾಗಿತ್ತು.

ನನ್ನ ಕೈಗೆ ಅದು ಒಂದು ಸೀಟಿಯಾಗಿ ಬಂತು. ನಾನು ಸ್ವಚ್ಛ ಭಾರತ ಅಭಿಯಾನದ ಊರಿನ ಕಾರ್ಯಕರ್ತೆ, ಅಂದರೆ ಸ್ವಚ್ಛಾಗ್ರಹಿಯಾಗಿದ್ದ ದಿನಗಳಲ್ಲಿ, ನಸುಕಿನ ಐದು ಗಂಟೆಗೆ ಬ್ಯಾಟರಿ ಹಿಡಿದು ಹೊರಡುವ ಗಸ್ತಿನಲ್ಲಿ ನಾನೂ ಇದ್ದೆ. ಕುಳಿತವರನ್ನು ಕಂಡರೆ ಸೀಟಿ ಊದಬೇಕು, ಎಬ್ಬಿಸಬೇಕು. ಒಂದು ದಿನ ಜಾಲಿಗಿಡದ ಹಿಂದಿದ್ದ ಅಜ್ಜಿಯೊಬ್ಬಳು ಸೀಟಿಗೆ ಬೆದರಿ ಏಳಲು ಹೋದಳು. ಮೊಣಕಾಲು ಹಿಡಿದುಕೊಂಡಿತ್ತು. ಏಳಲಾಗದೆ ಕೈಯೂರಿ ಬಿದ್ದಳು, ತಂಬಿಗೆ ಉರುಳಿ ನೀರೆಲ್ಲ ಚೆಲ್ಲಿತು. ಗಸ್ತಿನಲ್ಲಿದ್ದ ಹುಡುಗರು ನಕ್ಕರು. ಅವಳ ಮನೆಯ ಹಿಂದೆ ಹನ್ನೆರಡು ಸಾವಿರ ರೂಪಾಯಿಯ ಶೌಚಾಲಯ ಇತ್ತು, ಅದರಲ್ಲಿ ಕುಳ್ಳು ಒಟ್ಟಿದ್ದರು. ಯಾಕೆ ಎಂದು ನಾವು ಯಾರೂ ಕೇಳಿರಲಿಲ್ಲ. ಮರುದಿನ ನಾನು ಸೀಟಿ ಹಿಂದಿರುಗಿಸಿದೆ. ಆದರೆ ಕೇಳಬೇಕಾದದ್ದನ್ನು ಆಗಲೂ ಹೋಗಿ ಕೇಳಲಿಲ್ಲ. 2018ರ ನವೆಂಬರಿನಲ್ಲಿ ರಾಜ್ಯವನ್ನು ಬಯಲು ಶೌಚಮುಕ್ತ ಎಂದು ಘೋಷಿಸಿದಾಗ ನನಗೆ ನೆನಪಾದದ್ದು ಆ ಉರುಳಿದ ತಂಬಿಗೆ.

ಸಂಜೆ ರೈಲು ಹಾರ್ಡಿಂಜ್ ಸೇತುವೆ ಏರಿತು. 1915ರ ಉಕ್ಕಿನ ಸೇತುವೆ, 1971ರ ಯುದ್ಧದಲ್ಲಿ ಮುರಿದ ಭಾಗವನ್ನು ಮತ್ತೆ ಜೋಡಿಸಿದ್ದಾರೆ. ಕೆಳಗೆ ಪದ್ಮಾ, ಅಂದರೆ ನಮ್ಮ ಗಂಗೆಯೇ. ಚಳಿಗಾಲವಾದದ್ದರಿಂದ ಅರ್ಧ ನದಿ ಮರಳು.

ಮೂರನೆಯ ದಿನ: ಹೆಸರು ಬೇಡವೆಂದ ಊರು

ನನಗೆ ಜೊತೆಯಾದವರು ಸುಮಾರು ಇಪ್ಪತ್ತು ವರ್ಷ ಈ ಕೆಲಸ ಮಾಡಿದ ಕ್ಷೇತ್ರ ಕಾರ್ಯಕರ್ತೆ. ಎಲ್ಲರಂತೆ ನಾನೂ ಅವರನ್ನು ಆಪಾ ಎಂದು ಕರೆದೆ. ನಮ್ಮ ಅಕ್ಕ ಇದ್ದ ಹಾಗೆ. ಮೊಸ್ಮೊಯಿಲ್ ನೋಡಬೇಕೆಂದಾಗ ಅವರು ತಲೆಯಾಡಿಸಲಿಲ್ಲ. "ಅಲ್ಲಿಗೆ ಪ್ರಪಂಚವೆಲ್ಲ ಬಂದು ಹೋಗಿದೆ. ಇಪ್ಪತ್ತು ವರ್ಷದ ಮೇಲೆ ಏನು ಉಳಿದಿದೆ ಎಂದು ನೋಡಬೇಕಾದರೆ ಯಾರೂ ನೋಡಲು ಬಾರದ ಊರಿಗೆ ಹೋಗಬೇಕು" ಎಂದರು. ಹಾಗಾಗಿ ಅದೇ ಜಿಲ್ಲೆಯ ಇನ್ನೊಂದು ಹಳ್ಳಿಗೆ ಹೋದೆವು. ಊರಿನವರು ಹೆಸರು ಬರೆಯಬೇಡಿ ಎಂದರು, ಬರೆಯುವುದಿಲ್ಲ.

ಊರ ಹಿಂದೆ ಬಿದಿರ ಮೆಳೆ, ಅದರಾಚೆ ಕೆರೆಯಂಥ ಹೊಂಡ. ಒಂದು ಕಾಲದಲ್ಲಿ ಗಂಡಸರು ಮೆಳೆಯ ಹಿಂದೆ ಹೋಗುತ್ತಿದ್ದರು. ಹೆಂಗಸರಿಗೆ ಹೊಂಡದ ಮೇಲೆ ನಾಲ್ಕು ಗಳ ನೆಟ್ಟು ಹರಕು ಸೀರೆ ಸುತ್ತಿದ ತೂಗುಪಾಯಖಾನೆ. ಅದೇ ಹೊಂಡದಲ್ಲಿ ಪಾತ್ರೆ ತೊಳೆಯುತ್ತಿದ್ದರು.

"ನಾವು ಏನನ್ನೂ ಕಲಿಸಲಿಲ್ಲ. ಕೇಳಿದೆವು, ಅಷ್ಟೇ" ಎಂದರು ಆಪಾ. ಅಂದು ಅಂಗಳದಲ್ಲಿ ಊರಿನವರೇ ಹುಲ್ಲು, ಬೂದಿ, ಇಟ್ಟಿಗೆಪುಡಿಯಿಂದ ಊರಿನ ನಕ್ಷೆ ಬಿಡಿಸಿದರು. ಪ್ರತಿಯೊಬ್ಬರೂ ತಮ್ಮ ಮನೆ ಇರುವಲ್ಲಿ ಒಂದು ಎಲೆ ಇಟ್ಟು ಅದರ ಮೇಲೆ ನಿಂತರು. ನೀವು ಎಲ್ಲಿಗೆ ಹೋಗುತ್ತೀರಿ? ಅಲ್ಲಿ ಒಂದು ಚಿಟಿಕೆ ಹಳದಿ ಪುಡಿ ಹಾಕಿ. ಮಳೆ ಸುರಿಯುವಾಗ ಎಲ್ಲಿಗೆ? ರಾತ್ರಿ ಹೊಟ್ಟೆ ಕೆಟ್ಟಾಗ ಎಲ್ಲಿಗೆ? ಪುಡಿ ಬರಬರುತ್ತಾ ಮನೆಗಳ ಹತ್ತಿರಕ್ಕೆ ಬಂತು. ಆಮೇಲೆ ಲೆಕ್ಕ: ಒಬ್ಬರದು ದಿನಕ್ಕೆ ಎಷ್ಟು, ಮನೆಯದೆಷ್ಟು, ಊರಿನದೆಷ್ಟು, ವರ್ಷಕ್ಕೆ ಎಷ್ಟು ಗಾಡಿ? ಅಷ್ಟೂ ಎಲ್ಲಿ ಹೋಯಿತು?

ಇಷ್ಟು ಹೇಳಿ ಆಪಾ ಚಹಾ ಅಂಗಡಿಯಿಂದ ಒಂದು ಲೋಟ ನೀರು ತರಿಸಿದರು. ಕುಡಿಯುತ್ತೀರಾ ಎಂದು ನನ್ನನ್ನು ಕೇಳಿದರು. ಹೂಂ ಎಂದೆ. ತಮ್ಮ ತಲೆಯಿಂದ ಒಂದು ಕೂದಲು ಕಿತ್ತು ಹಿಡಿದರು. ಕಾಣುತ್ತದೆಯೇ? ಕಾಣುವುದೇ ಕಷ್ಟ. ಅದನ್ನು ಮಣ್ಣಿಗೆ ತಾಗಿಸಿ ಲೋಟದಲ್ಲಿ ಅದ್ದಿದರು. "ಆ ದಿನ ಇದನ್ನು ಮಣ್ಣಿಗಲ್ಲ, ಗುವಿಗೆ ತಾಗಿಸಿದ್ದೆ. ಆ ಲೋಟವನ್ನು ಯಾರೂ ಮುಟ್ಟಲಿಲ್ಲ. ನೊಣಕ್ಕೆ ಎಷ್ಟು ಕಾಲು ಎಂದು ಕೇಳಿದೆ. ಆರು ಎಂದರು. ಕೂದಲಿಗಿಂತ ಹೆಚ್ಚು ಹತ್ತುತ್ತದೆಯೋ ಕಡಿಮೆಯೋ ಎಂದು ಕೇಳಿದೆ. ಯಾರೂ ಮಾತನಾಡಲಿಲ್ಲ. ಹಿಂದಿನಿಂದ ಒಬ್ಬ ಹೆಂಗಸು, ಹಾಗಾದರೆ ನಾವು ಒಬ್ಬರದನ್ನೊಬ್ಬರು ತಿನ್ನುತ್ತಿದ್ದೇವೆ ಎಂದಳು. ನಾನು ಹೇಳಲಿಲ್ಲ, ಅವಳು ಹೇಳಿದಳು."

ಬಂಗಾಳಿಯಲ್ಲಿ ಹೇಲಿಗೆ ಆಡುವ ಗು ಎಂಬ ಪದವನ್ನೇ ಅವರು ಉದ್ದಕ್ಕೂ ಬಳಸಿದರು, ಬೇಕೆಂದೇ. ಈ ಪದ್ಧತಿಯಲ್ಲಿ ಊರಿನವರು ನಿಜವಾಗಿ ಆಡುವ ಪದವನ್ನೇ ಆಡಬೇಕು. ನಮ್ಮ ತರಬೇತಿಗಳಲ್ಲಿ ಬಹಿರ್ದೆಸೆ, ಮಲವಿಸರ್ಜನೆ ಎಂದು ಹೇಳಿಕೊಡುತ್ತಿದ್ದರು. ಹೇಲು ಎಂದರೆ ಮುಖ ಸಿಂಡರಿಸುತ್ತಿದ್ದರು. ಬಹಿರ್ದೆಸೆ ಎಂಬ ಪದಕ್ಕೆ ನೊಣ ಮುತ್ತುವುದಿಲ್ಲ, ಅದು ಯಾರ ಊಟದ ತಟ್ಟೆಗೂ ಬರುವುದಿಲ್ಲ. ಹೇಲು ಎಂದಾಗ ಮಾತ್ರ ಅದು ನಮ್ಮದಾಗುತ್ತದೆ.

ಆಪಾ ಹೇಳಿದ್ದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆಯದು. ಅಂದು ಊರಿನವರು ತಮ್ಮ ಕೊಳಕನ್ನು ತಾವೇ, ಒಟ್ಟಿಗೆ, ಹಗಲಿನಲ್ಲಿ ನೋಡಿದರು. ಯಾರೊಬ್ಬರನ್ನೂ ಬೆರಳು ಮಾಡಿ ತೋರಿಸಲಿಲ್ಲ. ನಾವು ಮಾಡಿದ್ದು ಕತ್ತಲಲ್ಲಿ ಒಬ್ಬೊಬ್ಬರನ್ನೇ ಹಿಡಿಯುವ ಕೆಲಸ. ಎರಡಕ್ಕೂ ನಾಚಿಕೆ ಎಂಬ ಒಂದೇ ಪದ ಬಳಸುತ್ತಾರೆ, ನನಗದು ಒಪ್ಪಿಗೆಯಿಲ್ಲ.

ಆದರೆ ಇಲ್ಲಿಯೂ ಸೀಟಿ ಇತ್ತೇ ಎಂದು ಕೇಳದೆ ಇರಲಾಗಲಿಲ್ಲ. ಇತ್ತು ಎಂದರು ಆಪಾ. ಮಕ್ಕಳು ಘೋಷಣೆ ಕೂಗುತ್ತಾ, ಸೀಟಿ ಊದುತ್ತಾ ಓಡಾಡುತ್ತಿದ್ದರು. ಕೆಲವು ಕಡೆ ಅತಿಯಾಯಿತು, ಜಗಳವಾಯಿತು. "ಊರು ತಾನೇ ತೀರ್ಮಾನಿಸಿದ ಕಡೆ ಮಕ್ಕಳ ಸೀಟಿ ಆಟವಾಗಿತ್ತು. ಮೇಲಿನವರಿಗೆ ಗಡುವು ಇದ್ದ ಕಡೆ ಅದು ಲಾಠಿಯಾಯಿತು."

ಮಧ್ಯಾಹ್ನ ಮನೆ ಮನೆಗೆ ಹೋದೆವು. ಮೊದಲು ಕಟ್ಟಿದ್ದು ಬಿದಿರು, ಬಾಳೆಗರಿ, ಮಣ್ಣಿನ ಗುಂಡಿಗಳು. ಅವು ಈಗಿಲ್ಲ. ಒಬ್ಬ ಚಾಚಾ ತಮ್ಮ ಹಿತ್ತಿಲಿನಲ್ಲಿ ಸುತ್ತಾಡಿಸಿ ಮೂರು ಜಾಗ ತೋರಿಸಿದರು. ಮೊದಲ ಗುಂಡಿ ತುಂಬಿದಾಗ ಮಣ್ಣು ಮುಚ್ಚಿ ಮಾವಿನ ಸಸಿ ನೆಟ್ಟಿದ್ದರು, ಅದೀಗ ಮನೆಗಿಂತ ಎತ್ತರ. ಎರಡನೆಯದರ ಮೇಲೆ ಬಾಳೆ. ಈಗಿನದು ಮೂರನೆಯದು: ರಿಂಗ್ ಎಂದು ಕರೆಯುವ ಕಾಂಕ್ರೀಟ್ ಬಳೆಗಳನ್ನು ಒಂದರ ಮೇಲೊಂದು ಇಳಿಸಿದ ಗುಂಡಿ, ಮೇಲೆ ಹಾಸು, ತಗಡಿನ ಗೋಡೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಇಂಥ ಚಿಕ್ಕ ಗುಂಡಿಯನ್ನು ಯಾರೂ ಒಪ್ಪುವುದಿಲ್ಲ. ತುಂಬಿದರೆ ತೆಗೆಯುವವರು ಯಾರು ಎಂಬುದು ಮೊದಲ ಪ್ರಶ್ನೆ. ಆ ಪ್ರಶ್ನೆಯ ಹಿಂದೆ ಜಾತಿ ಇದೆ. ತೆಗೆಯುವ ಕೆಲಸವನ್ನು ತಲೆತಲಾಂತರದಿಂದ ಯಾರ ಮೇಲೆ ಹೇರಿದ್ದೇವೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೇ ನಮ್ಮವರು ಕೋಣೆಯಷ್ಟು ದೊಡ್ಡ ಟ್ಯಾಂಕ್ ಬೇಕೆನ್ನುತ್ತಾರೆ, ಆಗದಿದ್ದರೆ ಬಯಲೇ ವಾಸಿ ಎನ್ನುತ್ತಾರೆ. ಎರಡು ಗುಂಡಿಯ ಶೌಚಾಲಯದಲ್ಲಿ ಒಂದನ್ನು ಮುಚ್ಚಿ ಬಿಟ್ಟರೆ ಒಂದೆರಡು ವರ್ಷದಲ್ಲಿ ಅದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ ಎಂದು ನಾನೇ ನೂರಾರು ಬಾರಿ ಹೇಳಿದ್ದೇನೆ, ನಂಬಿದವರು ಬೆರಳೆಣಿಕೆ. ಈ ಚಾಚಾ ತಮ್ಮ ಗುಂಡಿಯನ್ನು ತಾವೇ ಮುಚ್ಚಿ, ತಾವೇ ಅಗೆದಿದ್ದರು. ಬಾಂಗ್ಲಾದೇಶದಲ್ಲಿ ತಾರತಮ್ಯವೇ ಇಲ್ಲವೆಂದಲ್ಲ. ಪಟ್ಟಣಗಳಲ್ಲಿ ಕಕ್ಕಸು ಬಳಿಯುವವರು ಇಂದಿಗೂ ಹರಿಜನ ಕೇರಿಗಳವರೇ, ಅವರಲ್ಲಿ ತೆಲುಗು ಆಡುವ ಮನೆಗಳೂ ಇವೆ. ಆದರೆ ಹಳ್ಳಿಯ ಹಿತ್ತಿಲಿನಲ್ಲಿ ಗುದ್ದಲಿ ಹಿಡಿಯಲು ಚಾಚಾನಿಗೆ ಯಾವ ಅಳುಕೂ ಇರಲಿಲ್ಲ.

ಅವರ ಪಾಯಖಾನೆಯ ಒಳಗೆ, ಕುಳಿತುಕೊಳ್ಳುವ ಜಾಗದ ಎದುರು, ಎರಡು ಗೂಟಗಳ ನಡುವೆ ಒಂದು ಬಿದಿರಿನ ಗಳ ಕಟ್ಟಿತ್ತು. ಹಿಡಿದು ಹಿಡಿದು ನುಣುಪಾಗಿತ್ತು. "ಮಂಡಿ ನೋವು. ಇದಿಲ್ಲದಿದ್ದರೆ ಏಳಲಾಗುವುದಿಲ್ಲ. ಮಗ ಕಟ್ಟಿಕೊಟ್ಟ" ಎಂದರು ಚಾಚಾ. ಬಾಗಿಲ ಪಕ್ಕದಲ್ಲಿ ಕೊಕ್ಕಿನ ಬೊದ್ನಾ, ನಮ್ಮ ತಂಬಿಗೆಯ ತಂಗಿ. ನಾನು ಆ ಗಳವನ್ನು ಹಿಡಿದು ಬಹಳ ಹೊತ್ತು ನಿಂತಿದ್ದೆ.

ರಾತ್ರಿ ರಾಜಶಾಹಿಯ ಬೀದಿಬದಿಯಲ್ಲಿ ಕಲಾಯಿ ರೊಟ್ಟಿ ತಿಂದೆ. ಉದ್ದಿನ ಹಿಟ್ಟಿನದು, ಕೈಯಲ್ಲೇ ತಟ್ಟಿ ಮಣ್ಣಿನ ಹೆಂಚಿನಲ್ಲಿ ಬೇಯಿಸುತ್ತಾರೆ, ಜೊತೆಗೆ ಸುಟ್ಟ ಬದನೆಕಾಯಿ, ಹಸಿಮೆಣಸಿನಕಾಯಿ. ರೊಟ್ಟಿ ತಟ್ಟುವ ಸದ್ದು ಕೇಳಿ ಜೋಳದ ರೊಟ್ಟಿಯ ನಮ್ಮ ಮನೆ ನೆನಪಾಯಿತು.

ನಾಲ್ಕನೆಯ ದಿನ: ತಾನೋರ್

ತಾನೋರ್ ಕಡೆ ನೆಲ ಏರುತ್ತದೆ, ಮಣ್ಣು ಕೆಂಪಾಗುತ್ತದೆ. ಬರೇಂದ್ರ ಎಂದು ಕರೆಯುವ ಒಣಭೂಮಿ ಇದು. ಎರಡಂತಸ್ತಿನ ಮಣ್ಣಿನ ಮನೆಗಳು, ನುಣ್ಣಗೆ ಸಾರಿಸಿದ ಸಂತಾಲರ ಅಂಗಳಗಳು.

ನಿನ್ನೆ ಕಂಡದ್ದನ್ನೇ ಪೂರ್ಣ ಕಥೆ ಎಂದುಕೊಂಡು ಹೋಗಬಾರದೆಂದು ಆಪಾ ನನ್ನನ್ನು ಇಲ್ಲಿಗೆ ಕರೆತಂದರು. ಈ ತಾನೋರ್‌ನ 380 ಜನವಸತಿಗಳಲ್ಲಿ ಅರ್ಥಶಾಸ್ತ್ರಜ್ಞರಾದ ಗಿಟೆರಾಸ್, ಲೆವಿನ್‌ಸನ್ ಮತ್ತು ಮುಬಾರಕ್ ದೊಡ್ಡ ಪ್ರಯೋಗವೊಂದನ್ನು ನಡೆಸಿದ್ದರು. ಫಲಿತಾಂಶ 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಕೆಲವು ಊರುಗಳಲ್ಲಿ ನಕ್ಷೆ, ಲೆಕ್ಕ, ಸಭೆಗಳ ಪ್ರೇರಣೆ ಮಾತ್ರ. ಇನ್ನು ಕೆಲವು ಊರುಗಳಲ್ಲಿ ಅದರ ಜೊತೆಗೆ ಬಡವರಿಗೆ ಲಾಟರಿ ಎತ್ತಿ, ಸಾಮಾನಿನ ಬೆಲೆಯಲ್ಲಿ ನೂರಕ್ಕೆ 75ರಷ್ಟು ರಿಯಾಯಿತಿ ಚೀಟಿ. ಬರಿಯ ಪ್ರೇರಣೆಯಿಂದ ಒಳ್ಳೆಯ ಶೌಚಾಲಯಗಳು ಲೆಕ್ಕಕ್ಕೆ ಸಿಗುವಷ್ಟು ಹೆಚ್ಚಲಿಲ್ಲ. ಚೀಟಿ ಸಿಕ್ಕ ಮನೆಗಳಲ್ಲಿ ಶೇಕಡಾ 22 ಅಂಶಗಳಷ್ಟು ಹೆಚ್ಚಿದವು. ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯವೆನಿಸಿತು: ಚೀಟಿ ಸಿಗದ ನೆರೆಮನೆಗಳಲ್ಲೂ 8.5 ಅಂಶಗಳಷ್ಟು ಹೆಚ್ಚಿದವು. ನೆರೆಯವರು ಕಟ್ಟುವುದನ್ನು ಕಂಡು ಇವರೂ ಕಟ್ಟಿದರು.

ಮೊಸ್ಮೊಯಿಲ್ ಇರುವ ಜಿಲ್ಲೆಯಲ್ಲೇ ಹೀಗೆ. ಎರಡನ್ನೂ ಹೇಗೆ ಒಟ್ಟಿಗೆ ನಂಬುವುದು? ಒಂದು ಗುಡಿಸಲಿನ ಮುಂದೆ ಭತ್ತದ ಸಸಿ ಕಟ್ಟುತ್ತಿದ್ದ ಕೂಲಿ ಹೆಂಗಸಿನ ಮಾತಿನಲ್ಲಿ ನನಗೆ ಉತ್ತರ ಸಿಕ್ಕಿತು. "ನಾಚಿಕೆ ನನಗೂ ಆಯಿತು. ನಾಚಿಕೆಯಿಂದ ರಿಂಗು ಬರುತ್ತದೆಯೇ? ಗುಂಡಿ ಅಗೆಯಲು ಜಾಗ ಎಲ್ಲಿದೆ? ಈ ಅಂಗಳವೂ ಗದ್ದೆಯ ಯಜಮಾನನದು" ಎಂದಳು. ಅವಳ ಮನೆಯ ಪಾಯಖಾನೆ ಕೊನೆಗೆ ಬಂದದ್ದು ಪಕ್ಕದ ಮನೆಯವರು ಗಡಿಯಲ್ಲಿ ಮೂರು ಮೊಳ ಜಾಗ ಬಿಟ್ಟುಕೊಟ್ಟು, ಎರಡೂ ಮನೆಗೆ ಒಂದೇ ಆಗಲಿ ಎಂದಾಗ. ಬಾಂಗ್ಲಾದೇಶದ ಸಾಧನೆಯನ್ನು ಸಹಾಯಧನವಿಲ್ಲದ ಪವಾಡ ಎಂದು ಹೊಗಳುವವರು ಇಂಥವರನ್ನು ನೋಡಿಲ್ಲ. ಅಲ್ಲಿನ ಸರ್ಕಾರವೂ 2003ರ ನಂತರ ಉಪಜಿಲ್ಲೆಗಳ ಅಭಿವೃದ್ಧಿ ಅನುದಾನದಲ್ಲಿ ನೂರಕ್ಕೆ 20 ಪಾಲನ್ನು ನೈರ್ಮಲ್ಯಕ್ಕೆ ಮೀಸಲಿಟ್ಟಿತ್ತು. ಊರು ಎಚ್ಚರಗೊಳ್ಳಬೇಕು, ನಿಜ. ಎಚ್ಚರಗೊಂಡ ಬಡವರ ಕೈಗೆ ಸಿಮೆಂಟೂ ಸಿಗಬೇಕು.

ದಾರಿಯಲ್ಲಿ ರಿಂಗ್ ಎರಕ ಹೊಯ್ಯುವ ಅಂಗಳ ಸಿಕ್ಕಿತು. ಇಂಥವು ಪ್ರತಿ ಸಂತೆಯ ಬಳಿಯೂ ಇವೆ. ಕಬ್ಬಿಣದ ಅಚ್ಚು, ಸಿಮೆಂಟು, ಮರಳು, ತಂತಿ. ಸಿದ್ಧವಾದ ಬಳೆಗಳನ್ನು ಮೂರು ಚಕ್ರದ ಸೈಕಲ್ ಗಾಡಿಯಲ್ಲಿ ಹೇರಿ ಮನೆಗೆ ಮುಟ್ಟಿಸುತ್ತಾರೆ. ನಮ್ಮಲ್ಲಿ ಗುತ್ತಿಗೆದಾರ ಬರಬೇಕು, ಬಿಲ್ಲು ಆಗಬೇಕು. ಇಲ್ಲಿ ಭತ್ತ ಮಾರಿದ ದಿನ ಎರಡು ರಿಂಗ್, ಮುಂದಿನ ಸಂತೆಗೆ ಇನ್ನೆರಡು.

ಅಂಗಡಿಯವನು ಹಾಸಿನಡಿಯ ಬಾಗಿದ ಕೊಳವೆ ತೋರಿಸಿದ. ಬಾತುಕೋಳಿಯ ಕತ್ತಿನಂತಿರುವ ಆ ಬಾಗಿನಲ್ಲಿ ನೀರು ನಿಂತು ವಾಸನೆಯನ್ನೂ ನೊಣವನ್ನೂ ತಡೆಯುತ್ತದೆ. ಬಹಳ ಮಂದಿ ಕೂರಿಸುವಾಗಲೇ ಅದನ್ನು ಹಾರೆಯಿಂದ ಒಡೆದುಹಾಕುತ್ತಾರಂತೆ. ಕತ್ತು ಇದ್ದರೆ ಹೆಚ್ಚು ನೀರು ಸುರಿಯಬೇಕು, ನೀರು ಹೊರುವವರು ಹೆಂಗಸರು. ಒಡೆದರೆ ನೊಣ ಮತ್ತೆ ಬರುತ್ತದೆ. ಅದಕ್ಕೆ ಪರಿಹಾರವಾಗಿ ಅವನು ನೀಲಿ ಪ್ಲಾಸ್ಟಿಕ್ಕಿನ ಸಾಟೋ ಪ್ಯಾನ್ ತೆಗೆದ. ತಳದಲ್ಲಿ ಒಂದು ಪುಟ್ಟ ಕದ, ಹಿಂದೆ ತೂಕ. ಒಂದು ಬೊದ್ನಾ ನೀರು ಹಾಕಿದ. ಕದ ಬಾಗಿ ನೀರು ಇಳಿಯಿತು, ಮರುಕ್ಷಣ ತಾನೇ ಮುಚ್ಚಿಕೊಂಡಿತು. ನಾನು ಮತ್ತೆ ಮತ್ತೆ ಹಾಕಿಸಿ ನೋಡಿದೆ. ಒಂದು ಕೊಂಡೆ.

ಐದನೆಯ ದಿನ: ಚೊರ್

ದೋಣಿಯಲ್ಲಿ ಪದ್ಮೆಯ ನಡುಗಡ್ಡೆಗೆ. ಚೊರ್ ಎನ್ನುತ್ತಾರೆ, ನದಿ ತಂದು ಹಾಕಿದ ಮರಳು, ನದಿಯೇ ಒಯ್ಯುವ ಮರಳು. ಇಲ್ಲಿ ಗುಂಡಿ ಅಗೆದರೆ ಬದಿ ಕುಸಿಯುತ್ತದೆ. ಬಿದಿರು ಹೆಣೆದು ಬುಟ್ಟಿಯಂತೆ ಇಳಿಸುತ್ತಾರೆ. ಮುಂಗಾರಿನಲ್ಲಿ ದಂಡೆ ಕಡಿದರೆ ಮನೆಯ ತಗಡಿನ ಜೊತೆ ಪಾಯಖಾನೆಯ ಹಾಸನ್ನೂ ದೋಣಿಗೆ ಹೇರಿಕೊಂಡು ಇನ್ನೊಂದು ಚೊರ್‌ಗೆ ಹೋಗುತ್ತಾರೆ. ಒಂದು ಕುಟುಂಬ ಹೀಗೆ ನಾಲ್ಕು ಸಲ ಹೋಗಿತ್ತು. ಮನೆಯಾಕೆ ಆ ಹಾಸನ್ನು ಬೂದಿ ಹಾಕಿ ಬೆಳ್ಳಗೆ ಉಜ್ಜಿದ್ದಳು.

ಆರನೆಯ ದಿನ: ಮತ್ತೆ ಗಡಿ

ಬೆಳಗಿನ ರೈಲು, ಜಶೋರ್, ಬೆನಾಪೋಲ್. ಆಪಾ ನಿಲ್ದಾಣದವರೆಗೆ ಬಂದು ಒಂದು ಉಂಡೆ ಖರ್ಜೂರದ ಬೆಲ್ಲ ಕೊಟ್ಟರು. ಹಸಿ ರಸ ಕುಡಿಯಲು ಬಿಟ್ಟಿರಲಿಲ್ಲ. ರಾತ್ರಿ ಬಾವಲಿಗಳು ಮಡಕೆಗೆ ಬಾಯಿ ಹಾಕಿ ನಿಪಾ ಹರಡುತ್ತದೆ, ಕಾಯಿಸಿದ ಬೆಲ್ಲಕ್ಕೆ ಭಯವಿಲ್ಲ ಎಂದರು.

ಪೆಟ್ರಾಪೋಲ್‌ನಲ್ಲಿ ಸುಂಕದ ಅಧಿಕಾರಿ ನನ್ನ ಚೀಲ ತೆರೆದು ಬೆಲ್ಲವನ್ನು ಬದಿಗಿಟ್ಟು, ಸೀರೆಗಳ ನಡುವಿನಿಂದ ನೀಲಿ ಪ್ಯಾನ್ ಹೊರತೆಗೆದರು. ಏನಿದು ಎಂದು ಕೇಳಿದರು. ಹೇಳಿದೆ. ಬೆರಳಿನಿಂದ ಕದ ಒತ್ತಿ ಬಿಟ್ಟರು, ಅದು ಮುಚ್ಚಿಕೊಂಡಿತು. ಮತ್ತೊಮ್ಮೆ ಒತ್ತಿದರು. "ಎಷ್ಟು ನೀರು ಬೇಕು?"

"ಒಂದು ತಂಬಿಗೆ ಸಾಕು."

"ಯಾರಿಗೆ ಒಯ್ಯುತ್ತಿದ್ದೀರಿ?"

"ನಮ್ಮೂರಿನಲ್ಲಿ ಒಬ್ಬ ಅಜ್ಜಿ ಇದ್ದಾಳೆ. ಅವಳಿಗೆ ಮೊಣಕಾಲು ನೋವು. ಹೊಂದುತ್ತದೆಯೋ ಇಲ್ಲವೋ ಅವಳನ್ನೇ ಕೇಳಬೇಕು" ಎಂದೆ.

ಅವರು ಪ್ಯಾನನ್ನು ಸೀರೆಗಳ ನಡುವೆ ಮೊದಲಿದ್ದಂತೆಯೇ ಇಟ್ಟು ಚೀಲದ ಜಿಪ್ ಎಳೆದರು. ಬನಗಾಂವ್‌ನ ಆಟೋ ಹತ್ತಿದ ಮೇಲೆ ನೆನಪಾಯಿತು: ಬಿದಿರಿನ ಗಳವನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕೆಂದು ಚಾಚಾನನ್ನು ಕೇಳಲು ಮರೆತಿದ್ದೆ. ಮೊಬೈಲ್ ತೆಗೆದು ಆಪಾಗೆ ಫೋನ್ ಮಾಡಿದೆ.